ನಾವು ಯಾವ ಬಾಲು?

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಸಮಿತಿಯವರು ಫೋನ್ ಮಾಡಿ, "ಸಾರ್, ನೀವು ವ್ಯಕ್ತಿತ್ವ ವಿಕಸನದ ಬಗ್ಗೆ ಮಕ್ಕಳಿಗೆ ನಾಲ್ಕು ಮಾತು ಹೇಳಬೇಕು" ಅಂದರು. ಒಪ್ಪಿಕೊಂಡೆ. ಒಪ್ಪಿಕೊಂಡ ಮೇಲೆ ಯೋಚನೆ ಹತ್ತಿತು. ನಾನು ಮನಶ್ಶಾಸ್ತ್ರ ಓದಿದವನಲ್ಲ, ದೈಹಿಕ ಶಿಕ್ಷಕ. ಮೂವತ್ತು ವರ್ಷ ಬೇರೆ ಬೇರೆ ಊರಿನ ಸರ್ಕಾರಿ ಶಾಲೆಗಳಲ್ಲಿ ಸೀಟಿ ಊದಿದವನು. ಹೋಬಳಿ ಮಟ್ಟ, ತಾಲ್ಲೂಕು ಮಟ್ಟದ ಆಟಗಳಲ್ಲಿ ಅಂಪೈರ್ ಆಗಿ ಬಿಸಿಲಲ್ಲಿ ನಿಂತು ತಲೆಗೂದಲು ಕಳೆದುಕೊಂಡವನು. ವ್ಯಕ್ತಿತ್ವ ಅನ್ನುವ ದೊಡ್ಡ ಮಾತು ನನಗೆ ಅರ್ಥವಾಗಿದ್ದರೆ ಆ ಇಪ್ಪತ್ತೆರಡು ಗಜದೊಳಗೇ ಅರ್ಥವಾಗಿರಬೇಕು. ಆದ್ದರಿಂದ ಇವತ್ತು ಬಾಲಿನ ವಿಷಯ ಮಾತಾಡುತ್ತೇನೆ.

ಅಂಪೈರ್‌ಗೆ ಒಂದು ಅನುಕೂಲ ಇದೆ. ಬೌಲರ್‌ನ ಕೈ ಅವನಿಗೆ ಪಕ್ಕದಲ್ಲೇ ಕಾಣುತ್ತದೆ. ಬಾಲು ಬಿದ್ದ ನೆಲ ಕಾಣುತ್ತದೆ. ಎದುರಿಗೆ ಬ್ಯಾಟ್ ಹಿಡಿದವನ ಮುಖವೂ ಕಾಣುತ್ತದೆ. ಹೀಗೆ ನಿಂತು ನಿಂತು ನನಗೆ ಒಂದು ಚಾಳಿ ಬಂದುಬಿಟ್ಟಿದೆ. ಯಾರನ್ನೇ ನೋಡಲಿ, ಇವನು ಯಾವ ಬಾಲು ಅಂತ ಮನಸ್ಸು ಲೆಕ್ಕ ಹಾಕುತ್ತದೆ.

ಪ್ರತಿ ಮನೆಯಲ್ಲೂ ಒಬ್ಬ ಬೌನ್ಸರ್ ಇರುತ್ತಾನೆ. ಮಾತು ಶುರುವಾಗುವುದೇ ಎದುರಿನವರ ಮೂಗಿನ ಹತ್ತಿರ. ಯಾರ್ಕರ್ ಥರದವರು ಕಡಿಮೆ. ಮಾತು ಒಂದೇ, ಆದರೆ ನೇರ ಬುಡಕ್ಕೆ. ನಮ್ಮ ಹಳ್ಳಿಗಳ ಅಜ್ಜಿಯರಲ್ಲಿ ಅಂಥವರು ಹೆಚ್ಚು. ಫುಲ್ ಟಾಸ್ ಅಂದರೆ ನೆಲವನ್ನೇ ಮುಟ್ಟದ ಮಾತು, ಚುನಾವಣೆ ಹತ್ತಿರ ಬಂದಾಗ ಬೇಕಾದಷ್ಟು ಸಿಗುತ್ತದೆ. ಇನ್ನು ವೈಡ್. ಮದುವೆ ಮಾತುಕತೆಗೆ ಅಂತ ಕೂರಿಸಿದರೆ ಬದುವಿನ ವ್ಯಾಜ್ಯ ತೆಗೆಯುವವರನ್ನು ನೀವೂ ನೋಡಿದ್ದೀರಿ. ನನ್ನನ್ನು ಏನು ಅಂತ ಕೇಳಿದರೆ, ಲೈನ್ ಲೆಂಗ್ತ್ ಹಿಡಿದು ದಿನವಿಡೀ ಒಂದೇ ಥರ ಹಾಕುವ ಸಾಧಾರಣ ಬಾಲು. ವಿಕೆಟ್ ಕಡಿಮೆ, ರನ್ನೂ ಕಡಿಮೆ. ನಮ್ಮ ಮನೆಯವರು ಮಾತ್ರ, "ಅದೂ ಅಲ್ಲ ಬಿಡಿ, ಆಗಾಗ ನೋಬಾಲು" ಅನ್ನುತ್ತಾರೆ.

ಈ ಹೋಲಿಕೆ ನಾನೊಬ್ಬನೇ ಮಾಡುವುದಲ್ಲ. ಅಮೆರಿಕದಲ್ಲಿ ಬೇಸ್‌ಬಾಲ್ ಅಂತ ಆಟ ಇದೆ. ಅಲ್ಲಿ ಬಾಲು ಎಸೆಯುವವನಿಗೆ ಪಿಚರ್ ಅನ್ನುತ್ತಾರೆ. ಫಾಸ್ಟ್‌ಬಾಲ್, ಕರ್ವ್‌ಬಾಲ್, ಬೆರಳ ತುದಿಯಿಂದ ಹಿಡಿದು ಸುತ್ತೇ ಇಲ್ಲದಂತೆ ಬಿಡುವ ನಕಲ್‌ಬಾಲ್, ಹೀಗೆ ಅವರಲ್ಲೂ ಜಾತಿ ಜಾತಿ ಎಸೆತ. ಯಾರಾದರೂ ನಿರೀಕ್ಷೆ ಇಲ್ಲದ ಕೆಲಸ ಮಾಡಿದರೆ ಕರ್ವ್‌ಬಾಲ್ ಹಾಕಿದ ಅನ್ನುತ್ತಾರೆ. ನಮ್ಮ ಪೇಪರಿನವರು ಅದಕ್ಕೇ ಗೂಗ್ಲಿ ಹಾಕಿದ ಅಂತ ಬರೆಯುತ್ತಾರೆ. 2013ರಲ್ಲಿ ಅದೇ ಹೆಸರಿನ ಸಿನಿಮಾ ಬಂದು, ಕ್ರಿಕೆಟ್ ಗೊತ್ತಿಲ್ಲದವರ ಬಾಯಲ್ಲೂ ಆ ಶಬ್ದ ಓಡಾಡಿತು.

ಆದರೆ ಅವರ ಆಟಕ್ಕೂ ನಮ್ಮ ಆಟಕ್ಕೂ ಒಂದು ದೊಡ್ಡ ವ್ಯತ್ಯಾಸ. ಪಿಚರ್ ಎಸೆದ ಬಾಲು ಅರುವತ್ತು ಅಡಿ ಆರು ಅಂಗುಲ ದೂರವನ್ನು ಗಾಳಿಯಲ್ಲೇ ದಾಟಬೇಕು. ನೆಲ ಮುಟ್ಟಿದರೆ ಆ ಎಸೆತ ಕೆಟ್ಟಂತೆ. ಕೈ ಏನು ಕೊಟ್ಟಿತೋ, ಗಾಳಿ ಏನು ಮಾಡಿತೋ, ಅಷ್ಟೇ ಬಾಲಿನ ಬಾಳು. ನಮ್ಮಲ್ಲಿ ಹಾಗಲ್ಲ. ಕೈಬಿಟ್ಟ ಬಾಲು ನೆಲಕ್ಕೆ ಬೀಳುತ್ತದೆ, ನೆಲ ಅದಕ್ಕೆ ತನ್ನ ಮಾತು ಸೇರಿಸುತ್ತದೆ, ಆಮೇಲೆ ಅದು ಏಳುತ್ತದೆ. ಒಂದೇ ಕೈ, ಒಂದೇ ಸುತ್ತು. ಬಿರಿದ ನೆಲದಲ್ಲಿ ಒಂದು ಬಾಲು, ಹಸಿ ನೆಲದಲ್ಲಿ ಇನ್ನೊಂದು, ನಮ್ಮ ಶಾಲೆಯ ಹಿಂದಿನ ಗರಸು ನೆಲದಲ್ಲಿ ಮತ್ತೊಂದು. ಈ ಮಾತು ಸ್ವಲ್ಪ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಈಗ ನಮ್ಮವರ ವಿಷಯಕ್ಕೆ ಬರುತ್ತೇನೆ. ಬಾಲಿನಲ್ಲಿ ಮನುಷ್ಯನನ್ನು ನೋಡಬೇಕು ಅಂದರೆ ಕರ್ನಾಟಕದವರಿಗೆ ಹೊರಗೆ ಹುಡುಕುವ ಕೆಲಸವಿಲ್ಲ.

ಮೈಸೂರಿನಲ್ಲಿ 1945ರಲ್ಲಿ ಹುಟ್ಟಿದ ಬಿ.ಎಸ್. ಚಂದ್ರಶೇಖರ್ ಅವರಿಗೆ ಎಳೆಯ ವಯಸ್ಸಿನಲ್ಲೇ ಪೋಲಿಯೋ ಬಂತು. ಬಲಗೈ ಸೊರಗಿ ಕಡ್ಡಿಯಾಯಿತು. ನಮ್ಮ ಕಾಲದಲ್ಲಿ ಪೋಲಿಯೋ ಬಂದ ಮಕ್ಕಳು ಪ್ರತಿ ಹಳ್ಳಿಯಲ್ಲೂ ಇದ್ದರು. ಅವರನ್ನು ಏನು ಅಂತ ಕರೆಯುತ್ತಿದ್ದರು, ಎಲ್ಲಿ ಕೂರಿಸುತ್ತಿದ್ದರು ಅಂತ ನಾನು ಈ ಸಭೆಗೆ ಹೇಳಬೇಕಾಗಿಲ್ಲ. ಚಂದ್ರ ಏನು ಮಾಡಿದರು ಗೊತ್ತೇ? ಫೀಲ್ಡಿಂಗ್ ಮಾಡುವಾಗ ಬಾಲನ್ನು ಎಡಗೈಯಲ್ಲಿ ಎಸೆದರು. ಬೌಲಿಂಗ್ ಮಾತ್ರ ಆ ಸೊರಗಿದ ಬಲಗೈಯಲ್ಲೇ! ತೆಳ್ಳಗಿನ ಆ ತೋಳು ಚಾಟಿಯ ಹಾಗೆ ಬೀಸುತ್ತಿತ್ತು. ಸ್ಪಿನ್ ಬೌಲರ್ ಅಂದರೆ ನಿಧಾನ ಅಂತ ಲೋಕ ತಿಳಿದಿದ್ದಾಗ ಇವರ ಬಾಲು ಮಧ್ಯಮ ವೇಗದವರ ಹಾಗೆ ನುಗ್ಗಿ ಬರುತ್ತಿತ್ತು. ಅದರಲ್ಲೂ ಗೂಗ್ಲಿ ಹೆಚ್ಚು.

ಗೂಗ್ಲಿ ಅಂದರೆ ಲೆಗ್ ಸ್ಪಿನ್ ಹಾಕಿದಂತೆ ಕೈ ತಿರುಗಿಸಿ, ಬಾಲನ್ನು ಅದರ ವಿರುದ್ಧ ದಿಕ್ಕಿಗೆ ಹೊರಳಿಸುವುದು. ಇದನ್ನು ಕಂಡುಹಿಡಿದವರು ಇಂಗ್ಲೆಂಡಿನ ಬೊಸಾಂಕೆ. ಮೇಜಿನ ಮೇಲೆ ಟೆನಿಸ್ ಬಾಲು ಪುಟಿಸುವ ಒಂದು ಆಟ ಆಡುತ್ತಾ ಅವರಿಗೆ ಇದು ಹೊಳೆಯಿತು. ಜನ ಗೂಗ್ಲಿ ಅಂದರೆ ಮೋಸ ಅಂದುಕೊಳ್ಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಎಲ್ಲರೂ ನಿನ್ನ ಕೈ ನೋಡಿ, ನೀನು ಈ ಕಡೆಗೇ ಹೋಗುವವನು ಅಂತ ಮೊದಲೇ ತೀರ್ಮಾನ ಮಾಡಿದ್ದಾಗ ನೀನು ಆ ಕಡೆಗೆ ಹೋಗುವುದು ಗೂಗ್ಲಿ. ತೀರ್ಮಾನ ಅವರದು. ಬಾಲಿನದೇನು ತಪ್ಪು?

1971ರ ಆಗಸ್ಟ್, ಲಂಡನ್ನಿನ ಓವಲ್ ಮೈದಾನ. ಜಾನ್ ಎಡ್ರಿಚ್ ಬ್ಯಾಟ್ ಹಿಡಿದು ನಿಂತಿದ್ದಾರೆ. ದಿಲೀಪ್ ಸರ್‌ದೇಸಾಯಿ ಮೈದಾನದಿಂದಲೇ "ಮಿಲ್ ರೀಫ್ ಹಾಕು" ಅಂತ ಕೂಗಿದರಂತೆ. ಮಿಲ್ ರೀಫ್ ಅಂದರೆ ಆ ವರ್ಷ ಡರ್ಬಿ ಗೆದ್ದ ಕುದುರೆ. ಚಂದ್ರ ತಮ್ಮ ವೇಗದ ಬಾಲು ಹಾಕಿದರು. ಎಡ್ರಿಚ್ ಬ್ಯಾಟ್ ಇಳಿಸುವಷ್ಟರಲ್ಲಿ ಸ್ಟಂಪು ಹೋಗಿತ್ತು. ಆ ಇನ್ನಿಂಗ್ಸಿನಲ್ಲಿ 38 ರನ್ನಿಗೆ 6 ವಿಕೆಟ್. ಇಂಗ್ಲೆಂಡ್ 101ಕ್ಕೆ ಆಲ್‌ಔಟ್. ಇಂಗ್ಲೆಂಡಿನಲ್ಲಿ ಭಾರತ ಮೊದಲ ಸಲ ಸರಣಿ ಗೆದ್ದಿದ್ದು ಹಾಗೆ. ಒಟ್ಟು 58 ಟೆಸ್ಟ್‌ಗಳಲ್ಲಿ ಅವರು ತೆಗೆದ ವಿಕೆಟ್ 242, ಹೊಡೆದ ರನ್ನು 167. ಮಕ್ಕಳೇ, ವಿಕೆಟ್‌ಗಿಂತ ರನ್ನು ಕಡಿಮೆ! ಗಣಿತದಲ್ಲಿ ಕಡಿಮೆ, ಕನ್ನಡದಲ್ಲಿ ಜಾಸ್ತಿ ಅಂತ ಮಾರ್ಕ್ಸ್ ಕಾರ್ಡ್ ಹಿಡಿದು ಅಳುವವರು ಈ ಎರಡು ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳಿ. ಆದರೆ ನೋಡ್ರಪ್ಪ, ಗಣಿತದ ಮೇಷ್ಟ್ರ ಹತ್ತಿರ ನನ್ನ ಹೆಸರು ಹೇಳಬೇಡಿ.

ಎರಪಲ್ಲಿ ಪ್ರಸನ್ನ ಅವರದು ಇನ್ನೊಂದು ಜಾತಿ. ಕುಳ್ಳಗಿನ ಆಳು, ಬೆಂಗಳೂರಿನವರು. ಆಫ್ ಸ್ಪಿನ್ ಬಾಲನ್ನು ಬ್ಯಾಟ್ಸ್‌ಮನ್‌ನ ಕಣ್ಣಿಗಿಂತ ಮೇಲೆ ತೂರುತ್ತಿದ್ದರು. "ಬಾ, ಹೊಡಿ" ಅಂತ ಕರೆದಂತೆ. ಅವನು ಆಸೆಬಿದ್ದು ಮುಂದೆ ಬಂದರೆ ಬಾಲು ಅವನು ಎಣಿಸಿದ್ದಕ್ಕಿಂತ ಒಂದು ಗೇಣು ಹಿಂದೆ ಬೀಳುತ್ತಿತ್ತು. ಇದಕ್ಕೆ ಧೈರ್ಯ ಬೇಕು. ಹೊಡೆಸಿಕೊಳ್ಳಲು ಒಪ್ಪದವನು ಬಾಲನ್ನು ಎತ್ತಿ ಹಾಕಲಾರ. 1974ರ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ರಣಜಿ ಸೆಮಿಫೈನಲ್. ಎದುರಿಗೆ ಹದಿನೈದು ವರ್ಷ ಸತತವಾಗಿ ಟ್ರೋಫಿ ಗೆದ್ದಿದ್ದ ಬಾಂಬೆ. ಪ್ರಸನ್ನ ನಮ್ಮ ಕ್ಯಾಪ್ಟನ್. ಸುನಿಲ್ ಗವಾಸ್ಕರ್ ಅವರನ್ನು ಬೌಲ್ಡ್ ಮಾಡಿದ ಅವರ ಬಾಲಿನ ಕಥೆಯನ್ನು ನೋಡಿದವರು ಈಗಲೂ ಕೈ ತಿರುಗಿಸಿ ತೋರಿಸಿ ಹೇಳುತ್ತಾರೆ. ಕರ್ನಾಟಕ ಬಾಂಬೆಯನ್ನು ದಾಟಿ, ಫೈನಲ್‌ನಲ್ಲಿ ರಾಜಸ್ಥಾನವನ್ನು ಸೋಲಿಸಿ ಮೊದಲ ಸಲ ರಣಜಿ ಟ್ರೋಫಿ ತಂದಿತು.

ಆದರೆ ಹೈಸ್ಕೂಲಿನ ಸಭೆಯಲ್ಲಿ ನಾನು ಹೇಳಬೇಕಾದ ಪ್ರಸನ್ನರ ವಿಷಯ ಬೇರೆ. 1962ರಲ್ಲಿ ಟೆಸ್ಟ್ ಆಡಲು ಶುರುಮಾಡಿದ ಅವರು ಎರಡು ಟೆಸ್ಟ್ ಆದ ಮೇಲೆ ಐದು ವರ್ಷ ಟೆಸ್ಟ್ ತಂಡದಲ್ಲಿರಲಿಲ್ಲ. ಇಂಜಿನಿಯರಿಂಗ್ ಓದು ಮುಗಿಸಿದರು. 1967ರಲ್ಲಿ ಮತ್ತೆ ಬಂದರು. ಬಂದ ಮೇಲೆ ಇಪ್ಪತ್ತನೇ ಟೆಸ್ಟ್‌ಗೇ ನೂರು ವಿಕೆಟ್, ಒಟ್ಟು 189. ಓದಿದರೆ ಆಟ ಹೋಯಿತು, ಆಡಿದರೆ ಓದು ಹೋಯಿತು ಅನ್ನುವವರು ನಮ್ಮಲ್ಲಿ ಬಹಳ. ಜಾವಗಲ್ ಶ್ರೀನಾಥ್ ಇಂಜಿನಿಯರಿಂಗ್ ಓದಿದವರು, ಅನಿಲ್ ಕುಂಬ್ಳೆಯೂ ಇಂಜಿನಿಯರಿಂಗ್ ಓದಿದವರು. ಆಟ ಆಡಿದರೆ ತಲೆ ಕೆಡುತ್ತದೆ ಅಂತ ಹೇಳುವ ಅಪ್ಪಂದಿರಿಗೆ ನಾನು ಮೂವತ್ತು ವರ್ಷದಿಂದ ಈ ಮೂರು ಹೆಸರು ಹೇಳುತ್ತಾ ಬಂದಿದ್ದೇನೆ.

ಕುಂಬ್ಳೆಯವರದು ನನಗೆ ಎಲ್ಲಕ್ಕಿಂತ ಪ್ರೀತಿಯ ಬಾಲು. ಹೆಸರು ಕಾಸರಗೋಡಿನ ಕುಂಬಳೆಯದು, ಬೆಳೆದದ್ದು ಬೆಂಗಳೂರು. "ಇವನ ಬಾಲು ತಿರುಗುವುದಿಲ್ಲ, ಇವನೆಂಥ ಲೆಗ್ ಸ್ಪಿನ್ನರ್" ಅಂತ ವರ್ಷಗಟ್ಟಲೆ ದೊಡ್ಡ ದೊಡ್ಡವರು ಹೇಳಿದರು. ಆ ಮಾತು ಪೂರ್ತಿ ಸುಳ್ಳೂ ಅಲ್ಲ. ಬೇರೆಯವರ ಬಾಲು ಮೊಳ ತಿರುಗಿದರೆ ಇವರದು ಎರಡು ಬೆರಳು ತಿರುಗುತ್ತಿತ್ತು. ಆದರೆ ಎತ್ತರದ ಆಳು, ವೇಗ ಇತ್ತು, ಪುಟಿತ ಇತ್ತು, ಎಲ್ಲಿ ಹಾಕಬೇಕೋ ಅಲ್ಲೇ ಹಾಕುವ ಹಟ ಇತ್ತು. ಬ್ಯಾಟಿನ ಅಂಚು ಎರಡು ಬೆರಳೇ ತಾನೇ? ಅಷ್ಟು ತಿರುಗಿದರೆ ಸಾಕಲ್ಲ! 1999ರ ಫೆಬ್ರವರಿ 7, ದೆಹಲಿಯ ಕೋಟ್ಲಾ ಮೈದಾನ. ಪಾಕಿಸ್ತಾನ ವಿಕೆಟ್ ಇಲ್ಲದೆ 101. ಅಲ್ಲಿಂದ 207ಕ್ಕೆ ಎಲ್ಲ ಮುಗಿಯಿತು. ಹತ್ತಕ್ಕೆ ಹತ್ತೂ ಕುಂಬ್ಳೆ, 74 ರನ್ನಿಗೆ.

ಆ ಹತ್ತರ ಮಾತು ಬಂದಾಗಲೆಲ್ಲ ನಾನು ಇನ್ನೊಂದು ತುದಿಯ ಕಡೆ ಬೆರಳು ತೋರಿಸುತ್ತೇನೆ. ಒಂಬತ್ತು ವಿಕೆಟ್ ಆದ ಮೇಲೆ ಆ ಕಡೆಯಿಂದ ಬೌಲ್ ಮಾಡಿದವರು ಶ್ರೀನಾಥ್. ಅವರು ಸ್ಟಂಪಿನ ಹೊರಗೆ ಹಾಕಿದರು. ತನಗೆ ವಿಕೆಟ್ ಬರಬಾರದು ಅಂತ! ನಮ್ಮ ನಾಡಿನ ಅತಿ ವೇಗದ ಬೌಲರ್ ಗೆಳೆಯನಿಗಾಗಿ ಬೇಕೆಂದೇ ವೈಡ್ ಹಾಕಿದ ದಿನ ಅದು. ಆಗಲೇ ವೈಡ್ ಬಗ್ಗೆ ತಮಾಷೆ ಮಾಡಿದೆ. ಇಂಥ ವೈಡೂ ಇದೆ.

ಬೇಕೆಂದೇ ಹಾಕಿದ ಕೆಟ್ಟ ಬಾಲೂ ಇದೆ. 1981ರ ಫೆಬ್ರವರಿ 1ರಂದು ಮೆಲ್ಬರ್ನ್‌ನಲ್ಲಿ ನ್ಯೂಜಿಲೆಂಡಿಗೆ ಕೊನೆಯ ಬಾಲಿನಲ್ಲಿ ಆರು ರನ್ ಬೇಕಿತ್ತು, ಅದೂ ಪಂದ್ಯ ಸಮ ಮಾಡಿಕೊಳ್ಳಲು. ಆಸ್ಟ್ರೇಲಿಯಾ ಕ್ಯಾಪ್ಟನ್ ಗ್ರೆಗ್ ಚಾಪೆಲ್ ತಮ್ಮ ತಮ್ಮ ಟ್ರೆವರ್‌ಗೆ ಬಾಲನ್ನು ನೆಲದ ಮೇಲೆ ಉರುಳಿಸಲು ಹೇಳಿದರು. ಆಗಿನ ಅಲ್ಲಿನ ನಿಯಮದಲ್ಲಿ ಅದಕ್ಕೆ ಅಡ್ಡಿ ಇರಲಿಲ್ಲ. ಪಂದ್ಯ ಗೆದ್ದರು. ನಲವತ್ತು ವರ್ಷ ದಾಟಿದರೂ ಆ ಅಣ್ಣತಮ್ಮಂದಿರ ಹೆಸರಿನ ಜೊತೆ ಆ ಬಾಲು ಉರುಳುತ್ತಲೇ ಇದೆ.

ಕುಂಬ್ಳೆ 2002ರಲ್ಲಿ ಆಂಟಿಗುವಾದಲ್ಲಿ ದವಡೆ ಮುರಿದುಕೊಂಡು, ಮುಖಕ್ಕೆ ಪಟ್ಟಿ ಸುತ್ತಿಕೊಂಡು 14 ಓವರ್ ಹಾಕಿದ್ದು, ಲಾರಾ ವಿಕೆಟ್ ತೆಗೆದಿದ್ದು ನಿಮಗೆ ಗೊತ್ತು, ಬಿಡಿಸಿ ಹೇಳುವುದಿಲ್ಲ. ತಿರುಗದ ಬಾಲಿನವರು 619 ವಿಕೆಟ್ ತೆಗೆದರು ಅಂತ ಹೇಳಿ ಮುಂದಕ್ಕೆ ಹೋಗುತ್ತೇನೆ.

1996ರ ಮಾರ್ಚ್ 9ರ ರಾತ್ರಿ ಬೆಂಗಳೂರಿನಲ್ಲಿ ವೆಂಕಟೇಶ್ ಪ್ರಸಾದ್ ಮತ್ತು ಆಮಿರ್ ಸೊಹೇಲ್ ನಡುವೆ ಆದದ್ದನ್ನು ಈ ಸಭೆಯಲ್ಲಿ ಅರ್ಧ ಜನ ಟಿ.ವಿ.ಯಲ್ಲಿ ನೋಡಿದ್ದೀರಿ. ಸೊಹೇಲ್ ಫೋರ್ ಹೊಡೆದು, ಮತ್ತೆ ಅಲ್ಲಿಗೇ ಹೊಡೆಯುತ್ತೇನೆ ಅಂತ ಬ್ಯಾಟ್ ಚಾಚಿ ತೋರಿಸಿದರು. ಪ್ರಸಾದ್ ವಾಪಸ್ ನಡೆದು ಹೋದರು. ಮುಂದಿನ ಬಾಲಿಗೆ ಆಫ್ ಸ್ಟಂಪ್ ಹಾರಿತು. ನಾನು ಆಟದ ಮೇಷ್ಟ್ರು, ಸ್ಟಂಪ್ ಹಾರಿದ್ದು ನನಗೆ ದೊಡ್ಡದಲ್ಲ. ಅದಕ್ಕೂ ಮೊದಲು ಅವರು ರನ್‌ಅಪ್‌ವರೆಗೆ ನಡೆದುಹೋದ ಆ ಹತ್ತಿಪ್ಪತ್ತು ಹೆಜ್ಜೆ ನನಗೆ ದೊಡ್ಡದು. ಹೊಡೆಸಿಕೊಂಡ ಮೇಲೆ ಹಾಕುವ ಬಾಲಿನಲ್ಲೇ ಹುಡುಗನ ಸ್ವಭಾವ ಪೂರ್ತಿ ಕಾಣುವುದು. ಮೊದಲ ಬಾಲನ್ನು ಎಲ್ಲರೂ ಚೆನ್ನಾಗಿಯೇ ಹಾಕುತ್ತಾರೆ.

ಇಷ್ಟು ಹೊತ್ತು ಕೈಯ ಕಥೆ ಹೇಳಿದೆ. ಈಗ ನೆಲದ ಕಥೆ.

ನಾನು ಇಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ್ದು 1983ರಲ್ಲಿ. ಆ ಜೂನ್‌ನಲ್ಲೇ ಕಪಿಲ್ ದೇವ್ ತಂಡ ವಿಶ್ವಕಪ್ ಗೆದ್ದಿತು. ಆ ವಿಶ್ವಕಪ್ಪಿನಲ್ಲಿ ಎಲ್ಲರಿಗಿಂತ ಹೆಚ್ಚು, 18 ವಿಕೆಟ್ ತೆಗೆದವರು ನಮ್ಮ ಬೆಂಗಳೂರಿನ ರೋಜರ್ ಬಿನ್ನಿ. ನಾವು ಟೀ ಅಂಗಡಿಯ ರೇಡಿಯೋ ಮುಂದೆ ಕೂತು ಕೇಳಿದವರು. ನಮಗೆ ಬ್ಯಾಟು ಅಂದರೆ ತೆಂಗಿನ ಮಟ್ಟೆ, ಸ್ಟಂಪು ಅಂದರೆ ಹಿಪ್ಪುನೇರಳೆ ಕಡ್ಡಿ. ನನ್ನ ಜೊತೆಗಾರನೊಬ್ಬನಿದ್ದ. ಹೆಸರು ಹೇಳುವುದಿಲ್ಲ, ಹೇಳಿದರೆ ಈಗಲೇ ಎದ್ದು ಹೋಗುತ್ತಾನೆ. ಅವನಿಗೆ ಯಾರೂ ಕಲಿಸದೆ ಲೆಗ್ ಬ್ರೇಕ್ ಬರುತ್ತಿತ್ತು. ಟೆನಿಸ್ ಬಾಲು ಅವನ ಕೈಯಿಂದ ಗುಯ್ ಅಂತ ಸದ್ದು ಮಾಡುತ್ತಾ ಹೊರಡುತ್ತಿತ್ತು. ಒಂಬತ್ತನೇ ಕ್ಲಾಸಿನಲ್ಲಿ ಅವನ ತಂದೆ ತೀರಿಕೊಂಡರು. ಮನೆಯಲ್ಲಿ ಹುಳು ನಾಲ್ಕನೇ ಜ್ವರಕ್ಕೆ ಕೂತಿತ್ತು. ಜ್ವರ ಎದ್ದ ಹುಳು ಸೊಪ್ಪು ಕೇಳುತ್ತದೆ, ತಿಥಿ ಮುಗಿಯಲಿ ಅಂತ ಕಾಯುವುದಿಲ್ಲ. ಅವನು ಸೊಪ್ಪು ಕೊಯ್ಯಲು ಹೋದ. ಮತ್ತೆ ಶಾಲೆಗೆ ಬರಲಿಲ್ಲ. ಈಗಲೂ ಅವನು ತಟ್ಟೆಗೆ ಸೊಪ್ಪು ಹರಡುವಾಗ ಆ ಮಣಿಕಟ್ಟು ಹಾಗೇ ತಿರುಗುತ್ತದೆ. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಅವನ ಗೂಡಿಗೆ ಒಳ್ಳೆಯ ಹೆಸರಿದೆ. ಸೋತ ಬಾಳಲ್ಲ ಅವನದು. ಆದರೆ ಆ ಬಾಲು ನೆಲವನ್ನೇ ಮುಟ್ಟಲಿಲ್ಲ. ಕೈ ಇತ್ತು, ಸುತ್ತು ಇತ್ತು, ಬೀಳಲು ಜಾಗ ಸಿಗಲಿಲ್ಲ.

ನಿನ್ನೆ ಸಾಯಂಕಾಲ ಮಹೋತ್ಸವದ ಆಟಗಳನ್ನು ನೋಡಲು ಬಂದಿದ್ದೆ. ಹುಡುಗರ ಪಂದ್ಯ ಮುಗಿದು ಮೈದಾನ ಖಾಲಿಯಾದಾಗ ಒಂಬತ್ತನೇ ಕ್ಲಾಸಿನ ಒಂದು ಹೆಣ್ಣುಮಗು ಗೋಡೆಗೆ ಬಾಲು ಹಾಕುತ್ತಾ ನಿಂತಿತ್ತು. ಎಡಗೈ. ಎರಡು ಹೆಜ್ಜೆ ನಡೆದು ಹಾಕುತ್ತದೆ. ಬಾಲು ಬಿದ್ದು ಹೊರಗೆ ಹೊರಳಿತು. ಪಕ್ಕದಲ್ಲಿದ್ದವರು, "ಕಲ್ಲಿಗೆ ತಗುಲ್ತು ಕಣ್ ಸಾರ್, ಅದುಕ್ಕೆ ತಿರುಗ್ತು" ಅಂದರು. ಇನ್ನೊಂದು ಹಾಕು ಮಗಳೇ ಅಂದೆ. ಹಾಕಿತು. ಆರು ಬಾಲು ಹಾಕಿಸಿದೆ. ಆರಕ್ಕೆ ನಾಲ್ಕು ಹೊರಳಿದವು. ನಾಲ್ಕು ಸಲವೂ ಅದೇ ಕಲ್ಲು ಓಡಿಬಂದು ಅಡ್ಡ ಮಲಗಿತ್ತೇ? ಯಾರ ಮನೆಯ ಮಗು ಅಂತ ವಿಚಾರಿಸಿದೆ. ನನ್ನ ಆ ಜೊತೆಗಾರನ ಮೊಮ್ಮಗಳು!

ಅವನ ಮನೆಗೇ ಹೋದೆ. "ಚೆನ್ನಾಗಿ ಹಾಕ್ತಾಳೆ ಕಣಯ್ಯ" ಅಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಕ್ತಾಳೆ. ಆದ್ರೆ ಹೆಣ್ಮಗ, ಊರೋರು ಸುಮ್ಕಿರ್ತಾರಾ? ಕತ್ಲಾದ್ರೆ ಆನೆ ಬತ್ತವೆ. ನಾನ್ ಏನಂತ ಕಳಿಸ್ಲಿ?" ಅಂದ. ಅವನ ಎರಡನೇ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಕಾಡಿನಂಚಿನ ನಮ್ಮ ಹಳ್ಳಿಗಳಲ್ಲಿ ಸಂಜೆ ಆರರ ಮೇಲೆ ಮಕ್ಕಳು ದಾರಿಯಲ್ಲಿರಬಾರದು, ಅದು ಸರಿಯಾದ ಭಯ. ಮೊದಲನೇ ಮಾತಿಗೆ ಮಾತ್ರ ಈ ಸಭೆಯೇ ಉತ್ತರ ಕೊಡಬೇಕು. ಊರೋರು ಅಂದರೆ ನಾವೇ.

ವಿಜಾಪುರದ ರಾಜೇಶ್ವರಿ ಗಾಯಕವಾಡ್ ಕೂಡ ಎಡಗೈ ಸ್ಪಿನ್ನರ್. 2017ರ ವಿಶ್ವಕಪ್ಪಿನಲ್ಲಿ ಸೆಮಿಫೈನಲ್‌ಗೆ ಹೋಗಲು ಗೆಲ್ಲಲೇಬೇಕಾಗಿದ್ದ ಪಂದ್ಯ, ಎದುರಿಗೆ ನ್ಯೂಜಿಲೆಂಡ್. 15 ರನ್ನಿಗೆ 5 ವಿಕೆಟ್ ತೆಗೆದರು. ನ್ಯೂಜಿಲೆಂಡ್ 79ಕ್ಕೆ ಆಲ್‌ಔಟ್. ಬೆಂಗಳೂರಿನ ಶ್ರೇಯಾಂಕಾ ಪಾಟೀಲ್ 2024ರ ಡಬ್ಲ್ಯೂಪಿಎಲ್ ಫೈನಲ್‌ನಲ್ಲಿ 12 ರನ್ನಿಗೆ 4 ವಿಕೆಟ್ ತೆಗೆದು ಆರ್‌ಸಿಬಿಗೆ ಕಪ್ ತಂದರು. ಹುಡುಗರ ತಂಡಕ್ಕೆ ಅಲ್ಲಿಯವರೆಗೆ ಸಿಗದ ಕಪ್ಪು ಅದು, ಹುಡುಗರು ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ಒಂಬತ್ತನೇ ಕ್ಲಾಸಿನ ಮಗು ಅವರ ಹಾಗೆ ಆಗುತ್ತದೆ ಅಂತ ನಾನು ಹೇಳುತ್ತಿಲ್ಲ. ಅಂಪೈರ್ ಆದವನು ಬಾಲು ಬೀಳುವ ಮೊದಲೇ ಕೈ ಎತ್ತಬಾರದು. ಬಾಲು ಬೀಳಲಿ, ಆಮೇಲೆ ನೋಡೋಣ ಅನ್ನುತ್ತಿದ್ದೇನೆ.

ಮಹೋತ್ಸವದ ಹಣದಲ್ಲಿ ಉಳಿದದ್ದನ್ನು ಏನು ಮಾಡಬೇಕು ಅಂತ ಚರ್ಚೆ ನಡೆದಿದೆ ಎಂದು ಕೇಳಿದೆ. ಗೇಟಿಗೆ ಸ್ವಾಗತ ಕಮಾನು ಕಟ್ಟಿಸಿ ದಾನಿಗಳ ಹೆಸರು ಕೆತ್ತಿಸೋಣ ಅಂತ ಕೆಲವರ ಅಭಿಪ್ರಾಯ. ಕಮಾನು ಬೇಡ ಅಂತ ನಾನು ಹೇಳುವುದಿಲ್ಲ. ಆದರೆ ಮೊದಲು ಹಿಂದಿನ ನೆಲ. ಉದ್ದ ಅರುವತ್ತಾರು ಅಡಿ, ಅಗಲ ಹತ್ತು ಅಡಿ. ಅಷ್ಟು ಜಾಗದ ಗರಸು ತೆಗೆದು, ಕೆರೆಗೋಡು ತುಂಬಿ, ನೀರು ಹಾಕಿ, ರೋಲರ್ ಎಳೆಯಬೇಕು. ಬದಿಗೆ ಒಂದು ಬಲೆ. ಕೆರೆಗೋಡಿಗೆ ದುಡ್ಡು ಬೇಡ, ಟ್ರ್ಯಾಕ್ಟರ್ ಇರುವವರು ಈ ಸಭೆಯಲ್ಲೇ ಹತ್ತು ಜನ ಇದ್ದೀರಿ. ವಾರಕ್ಕೆ ಮೂರು ದಿನ ಹೆಣ್ಣುಮಕ್ಕಳಿಗೆ ಮೊದಲ ಸರದಿ. ಐದು ಗಂಟೆಗೆ ಆಟ ಬಂದ್, ಐದೂವರೆಗೆ ಎಲ್ಲರೂ ಮನೆ ಸೇರಿರಬೇಕು. ದೂರದ ಮಕ್ಕಳನ್ನು ಬಿಟ್ಟುಬರಲು ಇಬ್ಬರು ಹಳೆಯ ವಿದ್ಯಾರ್ಥಿಗಳು ಈಗಾಗಲೇ ಒಪ್ಪಿದ್ದಾರೆ.

ಮುಂದಿನ ವರ್ಷ ನಾನು ನಿವೃತ್ತನಾಗುತ್ತೇನೆ. ಶನಿವಾರ, ಭಾನುವಾರ ಕನಕಪುರದಿಂದ ಬಸ್ ಹತ್ತಿ ಬರುತ್ತೇನೆ, ಸಂಬಳ ಬೇಡ, ಒಂದು ಲೋಟ ಟೀ ಸಾಕು. ರೋಲರ್‌ಗೆ ಅಂತ ನನ್ನ ಒಂದು ತಿಂಗಳ ಸಂಬಳವನ್ನು ಸಮಿತಿಯ ಖಜಾಂಚಿಯವರಿಗೆ ಬೆಳಿಗ್ಗೆಯೇ ಕೊಟ್ಟಿದ್ದೇನೆ. ಬೇರೆ ಯಾವುದಕ್ಕೂ ಬಳಸಬಾರದು ಅಂತ ರಶೀದಿಯಲ್ಲಿ ಬರೆಸಿಕೊಂಡಿದ್ದೇನೆ. ಮೂರನೇ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿರುವ ನನ್ನ ಜೊತೆಗಾರನಿಗೆ ಒಂದೇ ಮಾತು: ಲೆಗ್ ಬ್ರೇಕ್ ಹಿಡಿತ ಹೇಗೆ ಅಂತ ಮಕ್ಕಳಿಗೆ ತೋರಿಸಲು ನನಗೆ ಬರುವುದಿಲ್ಲ ಕಣಯ್ಯ. ಹುಳು ಹಣ್ಣಾಗಿ ಚಂದ್ರಿಕೆಗೆ ಬಿಟ್ಟ ಮೇಲೆ ನಿನಗೆ ನಾಲ್ಕು ದಿನ ಬಿಡುವಿರುತ್ತದೆ. ಆ ಭಾನುವಾರ ನೀನು ಬರಬೇಕು.